ಸೌಭಾಗ್ಯ ಹಚ್ಚಿಕೊಂಡ ಕೋರೆಹಲ್ಲು

ಸುರಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿರುವ ಸೌಭಾಗ್ಯಳಿಗೆ ನಲವತ್ತರ ಹತ್ತಿರ ಹತ್ತಿರ ವಯಸ್ಸು. ಹುಬ್ಬು ಮಾಡಿಸಿಕೊಳ್ಳಲು ಬಂದವರು ಕಣ್ಣೀರು ಹಾಕಿದರೆ ಅವಳಿಗೆ ಸಿಟ್ಟು ಬರುತ್ತದೆ. "ನಾಕು ಕೂದಲಾ ಕಿತ್ತರ ಇಷ್ಟು ಅಳತಿ, ನಾಳಿ ಗಂಡನ ಮನಿಗಿ ಹೋಗಿ ಏನ ಮಾಡತಿ?" ಎಂದು ಬೈಯುತ್ತಲೇ ಗುಲಾಬಿ ನೀರು ಹಚ್ಚುತ್ತಾಳೆ. ಬೈಸಿಕೊಂಡವರೇ ಮತ್ತೆ ಬರುತ್ತಾರೆ. ಮದುವೆ ಸೀಜನ್ನಿನಲ್ಲಿ ಶಹಾಪುರ, ಹುಣಸಗಿ, ಕೆಂಭಾವಿ ಅಂತ ಮೇಕಪ್ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಓಡಾಡುತ್ತಾಳೆ. ಮದುಮಗಳನ್ನು ಚಂದ ಕಾಣಿಸುವುದು ಅವಳ ಹೊಟ್ಟೆಪಾಡು. ಮಂದಿಯನ್ನು ಹೆದರಿಸಬೇಕು ಅನ್ನುವುದು ಅವಳ ಬಹಳ ದಿನದ ಆಸೆ.

ಆ ಆಸೆ ಹುಟ್ಟಿದ್ದು ಶಹಾಪುರದಲ್ಲಿ. ಅವಳ ಅಪ್ಪ ಜಗದೇವಪ್ಪ ಅಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ. ಒಂದು ಟಿ.ವಿ., ಒಂದು ವಿಸಿಆರ್, ಕೂಡಲು ಬಾಕುಗಳು, ಕಿಟಕಿಗೆ ಗೋಣಿತಟ್ಟು. ಹೆಣ್ಣುಮಕ್ಕಳು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಆದರೆ ಚಿತ್ರ ಮಸುಕಾದಾಗ ಮಿಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿ ಒರೆಸಲು ಸಣ್ಣ ಬೆರಳು ಬೇಕಾಗುತ್ತಿತ್ತು. ಹಾಗಾಗಿ ಸೌಭಾಗ್ಯಳಿಗೆ ವಿಸಿಆರ್ ಹಿಂದೆ ಒಂದು ಜಾಗ ಖಾಯಂ ಆಯಿತು. ಅಲ್ಲಿ ಕೂತು ಅವಳು ಹೈದರಾಬಾದಿನಿಂದ ಬರುತ್ತಿದ್ದ ಹಿಂದಿ, ತೆಲುಗು ಡಬ್ಬಿಂಗಿನ ದೆವ್ವದ ಪಿಚ್ಚರುಗಳನ್ನೆಲ್ಲ ನೋಡಿದಳು. ಅದರಲ್ಲೂ ರಕ್ತ ಕುಡಿಯುವ ದೆವ್ವದವು.

ಒಂದು ಪಿಚ್ಚರ್ ಅವಳ ತಲೆಯಿಂದ ಇವತ್ತಿಗೂ ಹೋಗಿಲ್ಲ. ಹಾಳುಬಿದ್ದ ಗಿರಣಿಯಲ್ಲಿ ಒಬ್ಬ ತಾಯಿ ದೆವ್ವ, ಒಬ್ಬ ಮಗ ದೆವ್ವ. ತಾಯಿಗೆ ವಯಸ್ಸಾಗಿ ಹಲ್ಲು ಅಲ್ಲಾಡುತ್ತಿರುತ್ತವೆ. ಕಚ್ಚಲು ಹೋದರೆ ಹಲ್ಲು ಬೇಟೆಯ ಕುತ್ತಿಗೆಯಲ್ಲೇ ಉಳಿಯುತ್ತದೆ. ಉಗುರ ಸಂದಿಯಲ್ಲಿ ಕೆಸರು, ಬಾಯಿ ಸುತ್ತ ನೊಣ, ಹರಿದ ಬಟ್ಟೆ. ಮಗ ಉಂಡ ಮೇಲೆ ಆ ತಾಯಿ ಅವನ ಬಾಯಿಯನ್ನು ಸೆರಗಿನಂಥ ಬಟ್ಟೆಯಿಂದ ಒರೆಸುತ್ತಾಳೆ. ಬಾಕಿನ ಮೇಲಿನ ಗಂಡಸರು ಚೀರಿದರು. ಸೌಭಾಗ್ಯ ಚೀರಲಿಲ್ಲ. ಪಾಪ, ಇವುಗಳಿಗೂ ಹೊಟ್ಟೆ ಇದೆ ಅಂದುಕೊಂಡಳು.

ಹತ್ತೊಂಬತ್ತಕ್ಕೆ ಅವಳನ್ನು ಯಾದಗಿರಿಗೆ ಕೊಟ್ಟರು. ಹುಡುಗ ಬೆಳ್ಳಗಿದ್ದ, ಮೆತ್ತಗೆ ಮಾತಾಡುತ್ತಿದ್ದ, ಫೋಟೋದಲ್ಲಂತೂ ಗೋಡೆಗೆ ಹಾಕುವಷ್ಟು ಚಂದ. ಮೂರು ವರ್ಷಕ್ಕೆ ಸೌಭಾಗ್ಯ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ, "ಅಲ್ಲೀ ನೀರು ನನಗ ಒಗ್ಗಲಿಲ್ಲ" ಅನ್ನುತ್ತಿದ್ದಳು. ಅಷ್ಟರಲ್ಲಿ ಊರಿಗೆಲ್ಲ ಕೇಬಲ್ ಬಂದು ಅಪ್ಪನ ಪಾರ್ಲರ್ ಮುಚ್ಚಿತ್ತು. ಅವನೇ ಮಗಳನ್ನು ಕಲಬುರಗಿಗೆ ಕರೆದುಕೊಂಡು ಹೋಗಿ ಬ್ಯೂಟಿಷಿಯನ್ ಕೋರ್ಸಿಗೆ ಹಚ್ಚಿದ. "ನಮ್ಮ ಮನಿಗಿ ಒಂದರೆ ಪಾರ್ಲರ್ ಇರಬೇಕಲ್ಲ" ಅಂದ. ಕೋರ್ಸ್ ಮುಗಿಸಿ ಅವಳು ಸುರಪುರಕ್ಕೆ ಬಂದು ಪಾರ್ಲರ್ ಇಟ್ಟಳು. ಈಗ ಅಪ್ಪ ಇಲ್ಲ.

ಅದೇ ಓಣಿಯ ಶಿವರಂಜನಿ ಶಹಾಪುರದಲ್ಲಿ ನರ್ಸಿಂಗ್ ಓದುವ ಹುಡುಗಿ. ಬೇಸಿಗೆಯ ಮಧ್ಯಾಹ್ನ ಪಾರ್ಲರಿನಲ್ಲಿ ಗಿರಾಕಿ ಇರುವುದಿಲ್ಲ, ಕೂಲರ್ ಇರುತ್ತದೆ. ಅದಕ್ಕಾಗಿ ಅವಳು ಪುಸ್ತಕ ಹಿಡಿದು ಬಂದು ಕೂಡುತ್ತಿದ್ದಳು. ಪುಸ್ತಕ ತೊಡೆಯ ಮೇಲೆ, ಕಣ್ಣು ಫೋನಿನ ಮೇಲೆ. ಒಂದು ದಿನ ಸೌಭಾಗ್ಯ ಬಗ್ಗಿ ನೋಡಿದಳು. ಹಾಲಿನ ಬಣ್ಣದ ಹುಡುಗನೊಬ್ಬ ಮರದ ಕೆಳಗೆ ನಿಂತು ಒಬ್ಬ ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟು ನಿಟ್ಟುಸಿರು ಬಿಡುತ್ತಿದ್ದ.

"ಯಾರವ್ವಾ ಇಂವ? ಬಿಳಿ ಕಾಮಣಿ ರೋಗ ಆಗ್ಯಾದೇನು ಅವಂಗ?"

"ಅಕ್ಕಾ, ಅಂವ ವ್ಯಾಂಪೈರ್! ಮುನ್ನೂರು ವರ್ಷ ಆಗ್ಯಾವ ಅವಂಗ."

"ವ್ಯಾಂಪೈರ್ ಅಂದ್ರ ರಗತ ಕುಡಿಯೋ ದೆವ್ವೇನು?" ಸೌಭಾಗ್ಯ ಕೈಯಲ್ಲಿದ್ದ ದಾರ ಕೆಳಗಿಟ್ಟು ಪಕ್ಕದಲ್ಲೇ ಕೂತಳು. "ಸರಿ, ಸ್ವಲ್ಪ ಜರಗು."

ಆ ವಾರವೆಲ್ಲ ಇಬ್ಬರೂ ಕೂಡಿ ಅಂಥವನ್ನೇ ನೋಡಿದರು. ಎಲ್ಲದರಲ್ಲೂ ಒಬ್ಬ ಬೆಳ್ಳನೆಯ ಹುಡುಗ, ಕೆದರದ ಕೂದಲು, ದೊಡ್ಡ ಮನೆ, ಒಳ್ಳೆ ಕಾರು. ಸೌಭಾಗ್ಯ ಕೋರೆಹಲ್ಲು ಕಾಣಲಿ ಅಂತ ಕಾದಳು. ಒಂದರಲ್ಲಿ ಅರ್ಧ ಪಿಚ್ಚರ್ ಮುಗಿದರೂ ಬಾಯಿ ತೆರೆಯಲಿಲ್ಲ. ಇನ್ನೊಂದರಲ್ಲಿ ತೆರೆದ, ಆದರೆ ಹಾಡು ಹೇಳಲು.

"ರಗತ ಯಾವಾಗ ಕುಡಿತಾನ?"

"ಅಂವ ಮನುಷ್ಯಾರದು ಕುಡ್ಯಂಗಿಲ್ಲಕ್ಕಾ. ಬಿಟ್ಟಾನ."

"ಬಿಟ್ಟಾನ? ಶ್ರಾವಣ ಹಿಡದಾನೇನು?" ಸೌಭಾಗ್ಯಳಿಗೆ ಖರೇನೇ ಸಂಕಟವಾಯಿತು. "ಮುನ್ನೂರು ವರ್ಷದ ಮುದುಕ, ಕಾಲೇಜ್ ಹುಡುಗಿ ಹಿಂದ ಬಿದ್ದಾನ. ರಾತ್ರಿ ಬಂದು ಆಕಿ ಮಲಗಿದ್ದು ಕಿಟಕ್ಯಾಗಿಂದ ನೋಡತಾನ. ನಮ್ಮ ಓಣ್ಯಾಗ ಹಂಗ ನೋಡಿದ್ರ ಚಪ್ಲಿ ಹಾರ ಹಾಕಿ ಬಸ್‌ಸ್ಟ್ಯಾಂಡ್ ತನಕ ಮೆರವಣಿಗಿ ಮಾಡತಿದ್ರು. ನೀ ಕೂತು ಕಣ್ಣೀರ ಸುರಸತಿ!"

ಶಿವರಂಜನಿ ಸುಮ್ಮನೆ ಬಿಡುವ ಹುಡುಗಿಯಲ್ಲ. "ಹಸಿವು ಎಲ್ಲಾರಿಗೂ ಆಗತೈತಿ ಅಕ್ಕಾ. ಎದುರಿಗಿ ಕುತ್ತಿಗಿ ಇದ್ರೂ ತಡ್ಕೊಂತಾನ ನೋಡ್ರಿ, ಅದಕ್ಕ ನನಗ ಅಂವ ಇಷ್ಟ. ನಮ್ಮ ಸುತ್ತ ಯಾರ ತಡ್ಕೊಂತಾರ ಹೇಳ್ರಿ?"

ಸೌಭಾಗ್ಯ ಫೋನಿನೊಳಗಿನ ಹುಡುಗನನ್ನು ಇನ್ನೊಮ್ಮೆ ನೋಡಿದಳು. ಎದ್ದು ಕೂಲರಿಗೆ ನೀರು ಹಾಕಿದಳು. ಆಮೇಲೆ ಗಿರಣಿಯ ತಾಯಿ ದೆವ್ವದ ಕಥೆಯನ್ನು ಹಲ್ಲು ಉದುರುವ ಸದ್ದಿನ ಸಮೇತ ಹೇಳಿದಳು. ಶಿವರಂಜನಿ ಮೂಗು ಮುಚ್ಚಿಕೊಂಡಳು. ಆದರೂ "ಮುಂದ?" ಅಂತ ಕೇಳುವುದು ಬಿಡಲಿಲ್ಲ.

ಹೀಗಿರುವಾಗ ಆಸೀಫ್ ಬಂದ. ಆಸೀಫ್ ಮದುವೆಗಳಿಗೆ ವಿಡಿಯೋ ತೆಗೆಯುವವನು. ಸೌಭಾಗ್ಯ ಮದುಮಗಳಿಗೆ ಬಣ್ಣ ಹಚ್ಚಿದರೆ ಅವನು ಆ ಬಣ್ಣಕ್ಕೆ ಲೈಟು ಹಿಡಿಯುತ್ತಾನೆ. ಎಷ್ಟೋ ಮದುವೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಉಂಡವರು. ಬಾಗಿಲಲ್ಲೇ ನಿಂತು, "ಅಕ್ಕಾ, ನಾ ಪಿಚ್ಚರ್ ತೆಗಿಯಾಕತ್ತೀನಿ. ಅರ್ಧ ತಾಸಿಂದು. ಯೂಟ್ಯೂಬಿಗಿ. ವ್ಯಾಂಪೈರ್ ಲವ್ ಸ್ಟೋರಿ" ಅಂದ.

"ಲವ್ವಾ?" ಎಂದು ಸೌಭಾಗ್ಯ ಮುಖ ಸಿಂಡರಿಸಿದಳು.

"ಮೇಕಪ್ ನಿಮ್ಮದೇ."

ಮುಖ ಸಡಿಲಾಯಿತು.

ದುಡ್ಡು ಹಾಕುವವನು, ಹೀರೋ, ಎರಡೂ ಬಸು. ಶಹಾಪುರದಲ್ಲಿ ಹತ್ತಿ ಅಡತಿ ಅಂಗಡಿ ಇರುವವರ ಮಗ. ಪಿಚ್ಚರಿನ ಹೆಸರು 'ಮುನ್ನೂರು ವರ್ಷದ ಪ್ರೀತಿ'. ಹೀರೋಯಿನ್ ಶಿವರಂಜನಿ. ಅವಳ ಮನೆಯವರು ಒಪ್ಪಿದ್ದು ಎರಡು ಷರತ್ತಿನ ಮೇಲೆ: ಸೌಭಾಗ್ಯ ಸದಾ ಜೊತೆಗಿರಬೇಕು, ಹೊತ್ತು ಮುಳುಗುವುದರೊಳಗೆ ಹುಡುಗಿ ಮನೆಯಲ್ಲಿರಬೇಕು.

"ರಾತ್ರಿ ತಿರುಗೋ ದೆವ್ವಿನ ಪಿಚ್ಚರ್ ಹಗಲಾಗ ಹ್ಯಾಂಗ ತೆಗೀತಿಯೋ?" ಅಂತ ಸೌಭಾಗ್ಯ ಕೇಳಿದರೆ ಆಸೀಫ್, "ಹಗಲಾಗ ತೆಗೆದು ಕಂಪ್ಯೂಟರಿನ್ಯಾಗ ನೀಲಿ ಮಾಡಿಬಿಟ್ರ ರಾತ್ರಿ ಅಕ್ಕಾ" ಅಂದ.

ಏಪ್ರಿಲ್ ತಿಂಗಳು. ಸುರಪುರದ ಹೊರಗಿನ ಬಂಡೆಗುಡ್ಡ. ಹತ್ತು ಗಂಟೆಗೇ ಬಂಡೆ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಬಸು ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಶೂ ಹಾಕಿಕೊಂಡು ಕಾರಿನಿಂದ ಇಳಿದ. ಸೌಭಾಗ್ಯ ಹಿಂದಿನ ದಿನವೆಲ್ಲ ಕೂತು ಅವನಿಗಾಗಿ ಹಲ್ಲು ಮಾಡಿದ್ದಳು. ಮದುಮಗಳಿಗೆ ಹಚ್ಚುವ ನಕಲಿ ಉಗುರನ್ನು ಚೂಪಾಗಿ ಕತ್ತರಿಸಿ, ಉಜ್ಜಿ, ಅಂಚಿಗೆ ಸ್ವಲ್ಪ ಚಹಾ ಕಲೆ ಹಿಡಿಸಿ, ಮೆಡಿಕಲ್ ಅಂಗಡಿಯ ಹಲ್ಲುಸೆಟ್ಟಿನ ಅಂಟು ಹಚ್ಚಿದರೆ ಕೋರೆಹಲ್ಲು. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕೆಂಪು ಬಣ್ಣ.

ಬಸು ಹಲ್ಲನ್ನು ನೋಡಿ ಹಿಂದೆ ಸರಿದ. "ಅಕ್ಕೋರ, ಇವು ಬ್ಯಾಡ್ರಿ. ನಗಬೇಕಾದ್ರ ಚಂದ ಕಾಣಂಗಿಲ್ಲ."

"ದೆವ್ವ ಯಾಕಪ್ಪಾ ನಗತೈತಿ?"

"ಲವ್ ಐತಲ್ರಿ. ನನಗ ಬರೇ ಬೆಳ್ಳಗ ಮಾಡ್ರಿ. ಇನ್ನಾ ಬೆಳ್ಳಗ. ಮತ್ತ ತುಟಿ ಸ್ವಲ್ಪ ಗುಲಾಬಿ."

ಸೌಭಾಗ್ಯ ಹಲ್ಲು ಕಚ್ಚಿ, ತನ್ನವೇ ಹಲ್ಲು, ಅವನನ್ನು ಸುಣ್ಣ ಬಳಿದ ಗೋಡೆಯಂತೆ ಮಾಡಿದಳು. ಬಸು ಬಂಡೆಯ ಮೇಲೆ ನಿಂತು ಶಿವರಂಜನಿಗೆ, ನಾನು ನಿನಗೆ ತಕ್ಕವನಲ್ಲ, ನನ್ನಿಂದ ದೂರ ಹೋಗು ಎಂದು ಹೇಳತೊಡಗಿದ. ಹೇಳುತ್ತ ಹೇಳುತ್ತ ಹತ್ತಿರ ಬರುತ್ತಿದ್ದ. ಮಾತು ಉದ್ದವಿತ್ತು, ಬಿಸಿಲು ಅದಕ್ಕಿಂತ ಉದ್ದವಿತ್ತು. ಮೊದಲು ಹಣೆಯ ಬಣ್ಣ ಹುಬ್ಬಿಗೆ ಇಳಿಯಿತು. ಹುಬ್ಬಿನ ಕಪ್ಪು ಕೆನ್ನೆಗೆ ಇಳಿಯಿತು. ಗುಲಾಬಿ ತುಟಿ ಗದ್ದದ ತನಕ ಹರಿಯಿತು. ಕ್ಯಾಮೆರಾದ ಹಿಂದಿನಿಂದ ನೋಡುತ್ತಿದ್ದ ಸೌಭಾಗ್ಯಳ ಕಣ್ಣು ಅರಳಿದವು. ಈಗ, ಈಗ ಇಂವ ದೆವ್ವದಂಗ ಕಾಣಾಕತ್ತಾನ! "ಹಂಗೇ ಇರು ಬಸು, ಒರಸಬ್ಯಾಡ, ಆಸೀಫ್ ತೆಗಿ ತೆಗಿ" ಎಂದು ಚೀರಿದಳು.

ಬಸು ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಅಳುವುದೊಂದು ಬಾಕಿ.

ಮರುದಿನ ಕೊಡೆ ಬಂತು, ಐಸ್ ಡಬ್ಬಿ ಬಂತು. ಅದರ ಮರುದಿನ ಬಸು, 'ನಿನ್ನ ಸಲುವಾಗಿ ಇನ್ನೂ ಮುನ್ನೂರು ವರ್ಷ ಕಾಯುತ್ತೇನೆ' ಅನ್ನುತ್ತ ಮೂರು ನಿಮಿಷವೂ ನಿಲ್ಲದೆ ಕಣ್ಣು ಮೇಲೆ ಮಾಡಿ ಕುಸಿದ. ಶಿವರಂಜನಿಯೇ ನಾಡಿ ಹಿಡಿದು, ಕಾಲು ಎತ್ತಿಸಿ, ಉಪ್ಪು ಸಕ್ಕರೆ ನೀರು ಕುಡಿಸಿ ಎಬ್ಬಿಸಿದಳು. ಪ್ರೇಮಿಯನ್ನು ಪ್ರೇಯಸಿ ಬದುಕಿಸಿದ್ದು ಆ ಪಿಚ್ಚರಿನ ಅತ್ಯುತ್ತಮ ಸೀನು. ಆದರೆ ಆಗ ಕ್ಯಾಮೆರಾ ಬಂದ್ ಆಗಿತ್ತು.

ಸಂಜೆ ಬಸುನ ತಾಯಿ ಫೋನು ಮಾಡಿ, ತನ್ನ ಮಗ ಇನ್ನು ಬಿಸಿಲಿಗೆ ಬರುವುದಿಲ್ಲ, ಮಳೆ ಆದ ಮೇಲೆ ನೋಡೋಣ ಅಂದಳು. ಉಳಿದದ್ದು ಅವನ ಬಿಳಿ ಶೂ, ಐಸ್ ಡಬ್ಬಿಯ ಪಕ್ಕ ಬಿಟ್ಟು ಹೋಗಿದ್ದ.

ಮರುದಿನ ಆಸೀಫ್ ಪಾರ್ಲರಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತ. "ಯಾ ಅಲ್ಲಾ, ಬರೇ ಮಾತೈತಿ ಅಕ್ಕಾ. ಕಥಿ ಆಗೇ ಇಲ್ಲ."

ಸೌಭಾಗ್ಯ ಡ್ರಾವರಿನಿಂದ ಕೋರೆಹಲ್ಲಿನ ಡಬ್ಬಿ ತೆಗೆದು ಕನ್ನಡಿಯ ಮುಂದೆ ನಿಂತು ತಾನೇ ಹಚ್ಚಿಕೊಂಡಳು. ತಿರುಗಿದಳು. ಶಿವರಂಜನಿ ಕುರ್ಚಿಯಿಂದ ಏಳುತ್ತ "ಅವ್ವಾ!" ಅಂದಳು.

"ಆ ಹುಡುಗಗ ದೆವ್ವ ಮಾಡಿದಾಕಿ ಒಬ್ಬಾಕಿ ಇರಬೇಕಲ್ಲ," ಎಂದಳು ಸೌಭಾಗ್ಯ, ಹಲ್ಲಿನಿಂದಾಗಿ ಸ್ವಲ್ಪ ತೊದಲುತ್ತ. "ಆಕಿ ಗುಡ್ಡದಾಗೇ ಅದಾಳ. ಹಸದಾಳ. ಮೂರು ದಿನದಿಂದ ಇವನ ಮಾತ ಕೇಳಿ ಕೇಳಿ ಸಾಕಾಗೇದ. ಬಂದು ಕೇಳತಾಳ: 'ಉಣ್ಣೋದಿದ್ರ ಉಣ್ಣು, ಇಲ್ಲಂದ್ರ ಎದ್ದೋಗು.' ಅಂವ ಮತ್ತ ಕವಿತಾ ಶುರು ಮಾಡತಾನ. ಆಕಿ ಅವನ್ನೇ ಉಂಡುಬಿಡತಾಳ."

"ನನ್ನ ಹೀರೋನ್ನ ತಿಂತೀರಾ?" ಎಂದಳು ಶಿವರಂಜನಿ.

"ಅಂವ ಬರಂಗಿಲ್ಲವ್ವಾ. ಅವನ ಶೂ ತಿಂತೀನಿ."

ಹಾಗೇ ಮಾಡಿದರು. ಆಸೀಫನ ಹಳೆ ಪ್ಯಾಂಟಿನಲ್ಲಿ ಹುಲ್ಲು ತುಂಬಿ, ಕೆಳಗೆ ಬಿಳಿ ಶೂ ಕಟ್ಟಿದರು. ಸೌಭಾಗ್ಯ ಮಾಸಿದ ಇಳಕಲ್ ಸೀರೆ ಉಟ್ಟು, ಉಗುರಿಗೆ ಕಪ್ಪು ಮಣ್ಣು ತುಂಬಿಕೊಂಡು, ತುಟಿ ಒಡೆದಂತೆ ಅಂಟು ಹಚ್ಚಿ ಒಣಗಿಸಿಕೊಂಡಳು. ಬಂಡೆಯ ಸಂದಿಗೆ ಆ ಶೂಗಳನ್ನು ಎಳೆದುಕೊಂಡು ಹೋಗುವಾಗ ಒಂದು ಕಾಲು ಒದ್ದಾಡಿದಂತೆ ಕಂಡಿದ್ದು ಹುಲ್ಲಿನ ಕೃಪೆ. ಆಮೇಲೆ ಅವಳು ಬಾಯಿ ತುಂಬ ಬೆಲ್ಲದ ರಕ್ತ ಬಳಿದುಕೊಂಡು ಬಂಡೆಯ ಆಚೆಯಿಂದ ಬಂದು, ಗುಡ್ಡದ ಕೆಳಗಿನ ಕಾಲುವೆ ಕಡೆ ಮುಖ ಮಾಡಿ ಕೂಡಬೇಕು. ಆಸೀಫ್ ದೂರದ ಮರದ ಕೆಳಗೆ ಕ್ಯಾಮೆರಾ ನಿಲ್ಲಿಸಿದ. ಸೌಭಾಗ್ಯ ಬಂದು ಕೂತಳು. ಬೆಲ್ಲಕ್ಕೆ ನೊಣ ತಾವಾಗಿಯೇ ಬಂದವು. ಅವಳು ಹೊಡೆದುಕೊಳ್ಳಲಿಲ್ಲ. ಅಷ್ಟು ಸಂತೋಷ ಅವಳಿಗೆ ಬಹಳ ವರ್ಷದಲ್ಲಿ ಆಗಿರಲಿಲ್ಲ.

ಆಗ ಬಂಡೆಯ ಪಕ್ಕದಿಂದ ಆಡುಗಳು ಬಂದವು. ಅವುಗಳ ಹಿಂದೆ ಒಬ್ಬ ಮುದುಕಿ. ದೇವಕಮ್ಮ ಅಂತ, ಗುಡ್ಡದ ಕೆಳಗಿನ ಊರಿನವಳು. ಸೌಭಾಗ್ಯಳನ್ನು ನೋಡಿ ನಿಂತಳು. ಓಡಲಿಲ್ಲ. ಕೋಲು ಕೆಳಗಿಟ್ಟು ಹತ್ತಿರ ಬಂದಳು.

"ಯವ್ವಾ, ಯಾರ ಹೊಡದಾರ?"

ಬಾಯಲ್ಲಿ ಕೋರೆಹಲ್ಲಿದ್ದ ಸೌಭಾಗ್ಯ ತಲೆ ಅಲ್ಲಾಡಿಸಿದಳು.

"ಗಂಡನೇನು? ಹೇಳಬ್ಯಾಡ, ಹೇಳಬ್ಯಾಡ. ಮೊದಲ ಬಾಯಿ ಮುಕ್ಕಳಸು." ಮುದುಕಿ ಸೊಂಟದ ಬಾಟಲಿ ಬಿಚ್ಚಿ ಅವಳ ಬಾಯಿಗೆ ನೀರು ಹೊಯ್ದಳು. ಸೆರಗಿನಿಂದ ತುಟಿ ಒರೆಸಿದಳು. ಒರೆಸುವಾಗ ಒಂದು ಕೋರೆಹಲ್ಲು ಕಿತ್ತು ಅವಳ ಅಂಗೈಗೆ ಬಂತು. "ಅಯ್ ಶಿವನೇ! ಹಲ್ಲು ಉದುರಿಸ್ಯಾನಲ್ಲ, ಅವನ ಕೈ ಸೇದಿಹೋಗಲಿ!"

ನಗು ಬರಬೇಕಾಗಿತ್ತು. ಬರಲಿಲ್ಲ. ಯಾದಗಿರಿಯಿಂದ ಶಹಾಪುರಕ್ಕೆ ಅವತ್ತು ಮಧ್ಯಾಹ್ನದ ಬಸ್ಸಿನಲ್ಲಿ ಬಂದಾಗಲೂ ಅವಳ ತುಟಿ ಒಡೆದಿತ್ತು. ಅದು ಬೆಲ್ಲವಲ್ಲ. ಬಸ್ಸು ತುಂಬಿತ್ತು. ಕಂಡಕ್ಟರ್ ಟಿಕೀಟು ಕೊಟ್ಟು ಬೇರೆ ಕಡೆ ನೋಡಿದ. ಪಕ್ಕದ ಹೆಂಗಸು ಸೆರಗು ಎಳೆದುಕೊಂಡು ಜರುಗಿ ಕೂತಳು. ಯಾರು ಹೊಡೆದರು ಅಂತ ಒಬ್ಬರೂ ಕೇಳಿರಲಿಲ್ಲ. ಅಪ್ಪ ಕೂಡ ಬಿಸಿನೀರು ಕಾಯಿಸಿಕೊಟ್ಟನೇ ಹೊರತು ಕೇಳಲಿಲ್ಲ.

ಸೌಭಾಗ್ಯ ಇನ್ನೊಂದು ಹಲ್ಲನ್ನೂ ತೆಗೆದಳು. "ಹೌದಾಯಿ, ಹೊಡೀತಿದ್ದ. ಇವತ್ತಲ್ಲ. ಭಾಳ ವರ್ಷ ಆತು."

ದೇವಕಮ್ಮ ಸೆರಗು ನೋಡಿಕೊಂಡಳು. "ಭಾಳ ವರ್ಷದ ರಗತ ಇನ್ನಾ ಹಸೀನೇ ಐತಲ್ಲವ್ವಾ!"

ಸೌಭಾಗ್ಯಳಿಗೆ ಅಳುವೂ ನಗುವೂ ಕೂಡಿಯೇ ಬಂದವು. ಮುದುಕಿಯ ಕೈ ಹಿಡಿದು ಅಳುತ್ತ ನಗುತ್ತ ಪಿಚ್ಚರಿನ ವಿಷಯ ಹೇಳಿದಳು. ದೇವಕಮ್ಮ ನಂಬಲಿಲ್ಲ. ಸೆರಗಿನ ತುದಿಯನ್ನು ನಾಲಗೆಗೆ ಹಚ್ಚಿದಳು. "ಥೂ, ಬೆಲ್ಲ!" ಅಂದಳು. ಸ್ವಲ್ಪ ಹೊತ್ತು ಸಿಟ್ಟಿನಿಂದ ನೋಡಿ, ಕೊನೆಗೆ ತಾನೂ ನಗಲು ಕೂತಳು. ಅಷ್ಟರಲ್ಲಿ ಓಡಿ ಬಂದ ಆಸೀಫ್, "ಆಯಿ, ನೀವೂ ಇದರಾಗ ಬಂದೀರಿ. ಇಟ್ಕೊಳ್ಳಲೇನ್ರಿ?" ಅಂತ ಕೇಳಿದಾಗ, "ನನ್ನ ಆಡು ಬಂದಾವೇನು? ಅವು ಬಂದಿದ್ರ ಇಟ್ಕೋ" ಅಂದಳು.

ಆದರೆ ಸೌಭಾಗ್ಯಳ ಮಾತೂ ಅದರಲ್ಲಿ ಬಂದುಬಿಟ್ಟಿತ್ತು, ಅವಳ ಸೀರೆಗೆ ಸಿಗಿಸಿದ್ದ ಮೈಕಿನಲ್ಲಿ. ಇಡಬೇಕು ಅಂತ ಶಿವರಂಜನಿ, ನಿಮ್ಮಿಚ್ಛೆ ಅಕ್ಕಾ ಅಂತ ಆಸೀಫ್. ಸೌಭಾಗ್ಯ ವಾರಪೂರ್ತಿ ಯೋಚಿಸಿದಳು. ಕೊನೆಗೆ, "ಚಿತ್ರ ಇರಲಿ. ನನ್ನ ಮಾತಿನಷ್ಟು ಸೌಂಡ್ ತೆಗಿ" ಅಂದಳು. ಆ ಜಾಗದಲ್ಲಿ ಆಸೀಫ್ ಬರೀ ಗಾಳಿಯ ಸದ್ದು ಬಿಟ್ಟ. ಪಿಚ್ಚರಿನ ಹೆಸರನ್ನು 'ಮುನ್ನೂರು ವರ್ಷದ ಹಸಿವು' ಅಂತ ಬದಲಿಸಿದ.

ಮೊದಲ ಪ್ರದರ್ಶನ ಒಂದು ಕಲ್ಯಾಣ ಮಂಟಪದಲ್ಲಿ, ಮಧ್ಯಾಹ್ನದ ಊಟದ ನಂತರ. ಯಾರದೋ ಮದುವೆಗೆ ಕಟ್ಟಿದ್ದ ಪರದೆ ಇನ್ನೂ ಬಿಚ್ಚಿರಲಿಲ್ಲ. ಓಣಿಯ ಹೆಂಗಸರು, ಶಿವರಂಜನಿಯ ಗೆಳತಿಯರು, ಮುಂದಿನ ಸಾಲಿನಲ್ಲಿ ದೇವಕಮ್ಮ. ಬಸುನೂ ಬಂದು ಹಿಂದೆ ಕೂತಿದ್ದ. ಬಂಡೆಯ ಮೇಲೆ ಅವನು ಮಾತಾಡುವಾಗ ಹುಡುಗಿಯರು ಕೆನ್ನೆಗೆ ಕೈ ಹಚ್ಚಿ ಕೂತರು. ಬಸುನ ಎದೆ ಉಬ್ಬಿತು. ಆಮೇಲೆ ಪರದೆಯ ಅಂಚಿನಿಂದ ಆ ಇಳಕಲ್ ಸೀರೆ ಬಂತು, ಕಪ್ಪು ಉಗುರು ಬಂತು. "ಉಣ್ಣೋದಿದ್ರ ಉಣ್ಣು, ಇಲ್ಲಂದ್ರ ಎದ್ದೋಗು!" ಹಿಂದಿನ ಸಾಲಿನಲ್ಲಿ ಯಾರೋ ಚೀರಿದರು. ಶೂ ಬಂಡೆಯ ಸಂದಿಗೆ ಹೋದದ್ದೇ ತಡ, ಹೆಂಗಸರ ಕಡೆಯಿಂದ ಸೀಟಿ ಬಿದ್ದವು. ಬಸು ಮುನಿಸಿಕೊಂಡು ಎದ್ದವನು, ಹೊರಗೆ ನಾಲ್ಕು ಜನ ಬಂದು ಅವನ ಜೊತೆ ಸೆಲ್ಫಿ ತೆಗೆಸಿಕೊಂಡ ಮೇಲೆ ತಣ್ಣಗಾದ.

ಯೂಟ್ಯೂಬಿನಲ್ಲಿ ಅದನ್ನು ಲೋಕವೇನೂ ನೋಡಲಿಲ್ಲ. ಯಾದಗಿರಿ, ಶಹಾಪುರ, ಸುರಪುರದವರು ನೋಡಿದರು. ಹುಣಸಗಿಯ ಒಬ್ಬ ತಾಯಿ, ದೆವ್ವ ಆದ ಕೈಯಿಂದ ನನ್ನ ಮಗಳ ಅರಿಶಿಣದ ಮುಖಕ್ಕೆ ಬಣ್ಣ ಬ್ಯಾಡ ಅಂತ ಬುಕಿಂಗ್ ಬಿಟ್ಟಳು. ಭೀಮರಾಯನಗುಡಿಯ ಕಾಲೇಜಿನವರು ತಮ್ಮ ವಾರ್ಷಿಕ ಗ್ಯಾದರಿಂಗಿನ ನಾಟಕಕ್ಕೆ ಮೂವರು ರಾಕ್ಷಸರನ್ನು ಮಾಡಿಕೊಡಿ ಅಂತ ಕರೆದರು. ಶಿವರಂಜನಿ ಹೊಸ ಹೊಸ ಬೆಳ್ಳನೆಯ ಹುಡುಗರನ್ನು ಫೋನಿನಲ್ಲಿ ಹುಡುಕಿ ತರುವುದನ್ನು ಬಿಡಲಿಲ್ಲ. ಸೌಭಾಗ್ಯ ಬೈಯುವುದನ್ನೂ ಬಿಡಲಿಲ್ಲ. ಆದರೆ ಜರುಗಿ ಜಾಗ ಮಾಡಿಕೊಂಡು ಪೂರ್ತಿ ನೋಡುತ್ತಾಳೆ.

ಮೊನ್ನೆ ಕೆಂಭಾವಿಯಲ್ಲಿ ಒಂದು ಮದುವೆ. ಕೋಣೆಯಲ್ಲಿ ಮದುಮಗಳು ಆಸ್ಮಾ ಕಣ್ಣು ಮುಚ್ಚಿ ಕೂತಿದ್ದಳು, ಸೌಭಾಗ್ಯ ರೆಪ್ಪೆಗೆ ಬಣ್ಣ ಹಚ್ಚುತ್ತಿದ್ದಳು. ಹೊರಗೆ ಬಿರಿಯಾನಿ ಹಂಡೆಯ ಗದ್ದಲ.

"ಅಕ್ಕಾರ, ನಿಮ್ಮ ಪಿಚ್ಚರ್ ನೋಡೀನ್ರಿ," ಎಂದಳು ಹುಡುಗಿ. "ಆ ಆಯಿ ಬಾಯಿ ತೊಳೀತಾಳಲ್ರಿ, ಅಲ್ಲಿ ನೀವು ಏನೋ ಅಂತೀರಿ. ಸೌಂಡ್ ಇಲ್ಲ. ಏನಂದ್ರಿ?"

ಸೌಭಾಗ್ಯಳ ಕೈ ನಿಂತಿತು. 'ನೀರು ಒಗ್ಗಲಿಲ್ಲ' ಅನ್ನುವುದು ನಾಲಗೆಯ ತುದಿಗೆ ಬಂದಿತ್ತು.

"ನನ್ನ ಗಂಡ ಹೊಡೀತಿದ್ದ ಅಂದೀನಿ."

"ಪಿಚ್ಚರಿನ್ಯಾಗಿನ ದೆವ್ವಿನ ಗಂಡ?"

"ದೆವ್ವಿಗಿ ಯಾರ ಹೊಡಿತಾರವ್ವಾ. ನನ್ನ ಗಂಡ."

ಆಸ್ಮಾ ಒಂದು ಕಣ್ಣು ತೆರೆದಳು. ಆಮೇಲೆ ಹುಡುಗಿ ದಿಂಬಿನ ಕೆಳಗಿಂದ ಫೋನು ತೆಗೆದು, "ನಿಮ್ಮ ನಂಬರ್ ಅವ್ವನ ಹತ್ರ ಐತ್ರಿ, ನನ್ನ ಹತ್ರ ಇಲ್ಲ. ನಾಳಿ ಗಂಡನ ಮನ್ಯಾಗ ಬೇಕಾದೀತು, ಹೇಳ್ರಿ" ಅಂದಳು.

ಸೌಭಾಗ್ಯ ನಂಬರ್ ಹೇಳಿದಳು. ಹೇಳಿ, "ಕಣ್ಣ ಮುಚ್ಚು ಈಗ. ಇನ್ನಾ ಒಂದು ಕಣ್ಣು ಬಾಕಿ ಐತಿ" ಎಂದು ಕುಂಚ ಎತ್ತಿಕೊಂಡಳು.